ಹೊಳೆಯ ತಳದ ಜಾಣ



ಸಿಹಿನೀರಿನ ಮೀನನ್ನು ಕಡಲಿಗೆ ಬಿಟ್ಟರೆ ಸಾಮಾನ್ಯವಾಗಿ ಅದು ಬದುಕಲಾರದು. ಆದರೆ ದಕ್ಷಿಣ ಆಫ್ರಿಕ ಮತ್ತು ಮೊಜಾಂಬಿಕ್ ದೇಶಗಳ ಹೊಳೆಗಳಲ್ಲಿಯೂ ಅಳಿವೆಗಳಲ್ಲಿಯೂ ಬಾಳುವ, ಗೇಣುದ್ದವೂ ಇಲ್ಲದ ಗೋಬಿ ಮೀನೊಂದುಂಟು. 1937ರಲ್ಲಿ ಜೆ. ಎಲ್. ಬಿ. ಸ್ಮಿತ್ ಎಂಬ ವಿದ್ವಾಂಸರು ಅದಕ್ಕೆ 'ಕ್ಯಾಲಿಡಸ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಜಾಣ. 1939ರಲ್ಲಿ ಅದೇ ಸ್ಮಿತ್, ಅಳಿದುಹೋಯಿತೆಂದು ಲೋಕವು ನಂಬಿದ್ದ ಸೀಲಕಾಂತ್ ಮೀನನ್ನು ವರ್ಣಿಸಿ ಜಗತ್ಪ್ರಸಿದ್ಧರಾದರು. ಪಾಪ, ಜಾಣನನ್ನು ಕೇಳಿದವರು ಕಡಿಮೆ!

ಎರಡು ನೀರಿನಲ್ಲಿ ಬಾಳುವುದು ಸುಲಭವಲ್ಲ. ಹೊಳೆಯಲ್ಲಿ ನೀರು ತಾನಾಗಿಯೇ ಮೀನಿನ ಮೈಯೊಳಗೆ ಇಳಿಯುತ್ತದೆ. ಅದನ್ನು ತಿಳಿಮೂತ್ರವಾಗಿ ಹೊರಹಾಕಿ, ಕಿವಿರುಗಳಿಂದ ಉಪ್ಪನ್ನು ಹೀರಿಕೊಳ್ಳಬೇಕು. ಉಬ್ಬರದಲ್ಲಿ ಕಡಲು ಅಳಿವೆಗೆ ನುಗ್ಗಿ ಉಪ್ಪು ಏರಿತೆಂದರೆ ಮೈಯ ನೀರೇ ಹೊರಗೆ ಸೋರತೊಡಗುತ್ತದೆ; ಆಗ ನೀರನ್ನು ಕುಡಿದು, ಅದೇ ಕಿವಿರುಗಳಿಂದ ಉಪ್ಪನ್ನು ಹೊರದೂಡಬೇಕು.

ಕಡಲಿನಿಂದ ಹೊಳೆಯನ್ನೇರುವ ಎಷ್ಟೋ ಮೀನುಗಳಿಗೆ ಅಣೆಕಟ್ಟು ದಾರಿಯನ್ನು ಮುಚ್ಚುತ್ತದೆ. ಈ ಗೋಬಿಯಾದರೋ ಸಂತಾನಕ್ಕಾಗಿ ಕಡಲಿಗೆ ಹೋಗಲೇಬೇಕೆಂದಿಲ್ಲ. ಈಸ್ಟರ್ನ್ ಕೇಪ್ ಪ್ರಾಂತದ ನೀರಾವರಿ ಕೊಳಗಳಲ್ಲಿಯೂ ಅದು ನೆಲೆಯೂರಿದೆ.

ಅದರ ದಾಯಾದಿ ಗ್ಲಾಸೊಗೋಬಿಯಸ್ ಗಿಯುರಿಸ್ ನಮ್ಮ ದೇಶದ ಹೊಳೆ ಕೆರೆಗಳಲ್ಲಿಯೂ ಇದೆ. ಮರಳಿನದೇ ಬಣ್ಣ, ಅಲುಗದಿದ್ದರೆ ಕಾಣದು. ಮಕ್ಕಳೇ, ಹಿರಿಯರೊಡನೆ ಹೊಳೆಗೆ ಹೋದಾಗ ನೀರನ್ನು ಕದಡದೆ ತುಸು ಹೊತ್ತು ತಳವನ್ನೇ ನೋಡುತ್ತಿರಿ.