ಮಗುವಿನ ಕೈಗೆ ಕೆಲಸ

(ಶಿಶುವಿಹಾರವೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೇರೆಯವರ ಭಾಷಣ ಬರೆದುಕೊಳ್ಳುವುದು ನನ್ನ ವೃತ್ತಿ, ಮಾಡಿ ಅಭ್ಯಾಸವಿಲ್ಲ. ತಪ್ಪಿದ್ದರೆ ಮನ್ನಿಸಬೇಕು.

ಒಳಗೆ ಬರುವಾಗ ಗೇಟಿನ ಬಳಿ ತಂದೆಯೊಬ್ಬರು ಕೇಳುತ್ತಿದ್ದರು: ‘ಆರು ತಿಂಗಳಾಯ್ತು ಮೇಡಂ, ಬರೀ ಆಟ ಆಡಿಸ್ತಿದ್ದೀರಿ. ಅ ಆ ಇ ಈ ಯಾವಾಗ ಬರೆಸ್ತೀರಿ?’ ಫೀಸು ಕಟ್ಟಿದವರ ಪ್ರಶ್ನೆ, ನ್ಯಾಯವಾದದ್ದೇ. ಉತ್ತರಕ್ಕೆ ಸ್ವಲ್ಪ ದೂರ ಹೋಗಬೇಕು.

1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಡಾ. ಮರಿಯಾ ಮಾಂಟೆಸ್ಸರಿ ‘ಮಕ್ಕಳ ಮನೆ’ ತೆರೆದರು. ಆಕೆ ವೈದ್ಯೆ. ಅಪ್ಪ ಅಮ್ಮ ದುಡಿಯಲು ಹೋದಾಗ ಮಕ್ಕಳು ಗೋಡೆ, ಮೆಟ್ಟಿಲು ಹಾಳುಮಾಡುತ್ತವೆಂದು ಕಟ್ಟಡದ ಒಡೆಯರೇ ಈ ಏರ್ಪಾಡು ಬಯಸಿದ್ದರು. ಅಲ್ಲಿ ಆಕೆಗೊಂದು ಅಚ್ಚರಿ ಕಾದಿತ್ತು. ಒಳ್ಳೆಯ ಬೊಂಬೆಗಳಿದ್ದರೂ ಮಕ್ಕಳು ಅವನ್ನು ಬಿಟ್ಟು ಮರದ ಉರುಳೆಗಳನ್ನು ಕುಳಿಗಳಲ್ಲಿ ಕೂರಿಸುತ್ತಿದ್ದವು. ಮುಗಿದರೆ ತೆಗೆದು ಮತ್ತೆ ಕೂರಿಸುತ್ತಿದ್ದವು. ಇದನ್ನು ಆಕೆ ಆಟ ಎನ್ನಲಿಲ್ಲ, ಮಗುವಿನ ‘ಕೆಲಸ’ ಎಂದರು.

ಆ ಉರುಳೆಗಳಿಗೆ ಪುಟ್ಟ ಹಿಡಿಗಳಿವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರದೆ ಅವನ್ನು ಎತ್ತಲಾಗದು. ಪೆನ್ಸಿಲ್ ಹಿಡಿಯುವುದೂ ಇದೇ ಮೂರು ಬೆರಳಿನಿಂದ ತಾನೆ? ಒಂದು ಉರುಳೆ ತಪ್ಪು ಕುಳಿಗೆ ಹೋದರೆ ಕೊನೆಗೆ ಒಂದು ಹೊರಗೇ ಉಳಿಯುತ್ತದೆ. ಯಾರೂ ಗದರಿಸಬೇಕಿಲ್ಲ, ತಪ್ಪು ಮಗುವಿಗೇ ಕಾಣುತ್ತದೆ. ಆಮೇಲೆ ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳನ್ನು ಬೆರಳಿನಿಂದ ಸವರುವುದು. ನಮ್ಮ ಐಗಳ ಮಠಗಳಲ್ಲಿ ಮರಳ ಮೇಲೆ ಬೆರಳಾಡಿಸಿ ತಿದ್ದಿಸುತ್ತಿದ್ದುದು ಹಿರಿಯರಿಗೆ ನೆನಪಾಗಬಹುದು. ಆದರೆ ಅಲ್ಲಿ ಐಗಳ ಬೆತ್ತವೂ ಇರುತ್ತಿತ್ತು!

ನಾನು ಎಡಚ. ನಾಲ್ಕನೇ ವರ್ಷದಲ್ಲಿ ಬಳಪವನ್ನು ಬಲಗೈಗೆ ಬದಲಿಸಿ, ಅಡಿಪಟ್ಟಿಯಿಂದ ಹೊಡೆದು ಬರೆಸಿದರು. ಇಂದಿಗೂ ನನ್ನ ಟಿಪ್ಪಣಿ ಕೆಲವೊಮ್ಮೆ ನನಗೇ ಓದಲು ಬರುವುದಿಲ್ಲ.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರಿಗೆ ತಾಯಿ ಮಗ ಇಬ್ಬರೂ ಶತ್ರುದೇಶದ ಪ್ರಜೆಗಳಾದರು. ಮಗ ಮಾರಿಯೊನನ್ನು ಬಂಧನದಲ್ಲಿಟ್ಟು, ಆಕೆಯ ಎಪ್ಪತ್ತನೇ ಹುಟ್ಟುಹಬ್ಬದ ಹೊತ್ತಿಗೆ ಬಿಟ್ಟರು. ಕೆಲವು ತಿಂಗಳಿಗೆಂದು ಬಂದವರು 1946ರವರೆಗೆ ಇಲ್ಲೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು. ಕೊಡೈಕೆನಾಲಿನಲ್ಲಿ ಎಲೆ, ಹೂವು, ಹುಳುಗಳೂ ಪಾಠದ ಸಾಮಗ್ರಿಗಳಾದವು. ಅದಕ್ಕೂ ಮೊದಲೇ, 1920ರಲ್ಲಿ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ಪುಟ್ಟ ಮಕ್ಕಳಿಗೆ ಕಟ್ಟುಕತೆ ಬೇಡವೆಂದು ಮಾಂಟೆಸ್ಸರಿ ಹಿಂಜರಿದರೆ ಗಿಜುಭಾಯಿ ಧಾರಾಳವಾಗಿ ಕತೆ ಹೇಳಿದರು. ಈ ವಿಷಯದಲ್ಲಿ ನನ್ನ ಮತ ಗಿಜುಭಾಯಿಗೆ.

ಮಾಂಟೆಸ್ಸರಿ ಎಂಬ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಬೋರ್ಡು ನೋಡಿ ಮಗುವನ್ನು ಸೇರಿಸಬೇಡಿ. ಒಳಗೆ ಹೋಗಿ ಅರ್ಧ ಗಂಟೆ ಕೂತು ನೋಡಿ. ಸಾಮಾನು ಗಾಜಿನ ಬೀರುವಿನಲ್ಲಿದೆಯೋ, ಮಗುವಿನ ಕೈಗೆಟಕುವ ಕಪಾಟಿನಲ್ಲಿದೆಯೋ?

ಇಂದು ಬೆಳಿಗ್ಗೆ ನಾನೂ ಹಾಗೆ ಕೂತಿದ್ದೆ. ಹುಡುಗಿಯೊಬ್ಬಳಿಗೆ ಒಂದು ಉರುಳೆ ಹೊರಗುಳಿಯಿತು. ತಲೆ ಕೆರೆದುಕೊಂಡಳು. ಎಲ್ಲವನ್ನೂ ತೆಗೆದಳು. ಮತ್ತೆ ಒಂದೊಂದಾಗಿ ಕೂರಿಸಿದಳು. ಸರಿಯಾದ ಮೇಲೆ ಯಾರ ಕಡೆಗೂ ನೋಡದೆ ಕಪಾಟಿನಲ್ಲಿಟ್ಟು ನೀರು ಕುಡಿಯಲು ಹೋದಳು. ಗೇಟಿನಲ್ಲಿ ಸಿಕ್ಕ ಆ ತಂದೆ ಇವಳ ಅಪ್ಪನೇ ಎಂದು ಆಮೇಲೆ ತಿಳಿಯಿತು.