ದ್ವೀಪದಿಂದ ದ್ವೀಪಕ್ಕೆ ಹಡಗು: ಹವಾಯಿಯ ಜನ ಕೇಳಿದ ಪ್ರಶ್ನೆ

(ಪಕ್ಷದ ಕಚೇರಿಯಲ್ಲಿ ನಡೆದ ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಮುದ್ರವಿಲ್ಲದ ಊರಿನಲ್ಲಿ ಹಡಗಿನ ಮಾತೇಕೆ ಎಂದು ನಿಮಗೆ ಅನ್ನಿಸಿರಬಹುದು. ನಾನು ಹೇಳಹೊರಟಿರುವ ಹಡಗು ಓಡಿದ್ದು ಹವಾಯಿಯ ಕಡಲಿನಲ್ಲಿ. ಆದರೆ ಅದನ್ನು ಓಡಿಸಿದ್ದು, ತಡೆದದ್ದು, ಮುಳುಗಿಸಿದ್ದು ಖಜಾನೆ, ಶಾಸನಸಭೆ ಮತ್ತು ನ್ಯಾಯಾಲಯ. ಈ ಮೂರರ ಬಾಗಿಲನ್ನು ನಾವೂ ತಟ್ಟಿ ಬಲ್ಲೆವು. "ಇದು ಬಡವರ ಅನುಕೂಲಕ್ಕೆ" ಎಂದು ಹೇಳಿಕೊಂಡು ಬರುವ ಯೋಜನೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬುದು ಅಲ್ಲಿಯ ಜನರಿಗೆ ಬಂದ ಪ್ರಶ್ನೆ.

ಹವಾಯಿ ಅಮೆರಿಕದ ಒಂದು ರಾಜ್ಯ. 1959ರಲ್ಲಿ ಐವತ್ತನೆಯದಾಗಿ ಸೇರಿತು. ಶಾಂತಸಾಗರದ ನಡುವೆ ಎಂಟು ದೊಡ್ಡ ದ್ವೀಪಗಳು. ರಾಜಧಾನಿ ಹೊನೊಲುಲು ಇರುವುದು ಒವಾಹು ದ್ವೀಪದಲ್ಲಿ. ಜನಸಂಖ್ಯೆಯ ಬಹುಭಾಗ ಅಲ್ಲಿಯೇ. ದೊಡ್ಡ ಆಸ್ಪತ್ರೆ, ದೊಡ್ಡ ಪೇಟೆ ಎಲ್ಲವೂ ಅಲ್ಲಿ. ಮಾವಿ, ಕವಾಯಿ, ಮೊಲೊಕಾಯಿ ದ್ವೀಪಗಳವರು ಅಲ್ಲಿಗೆ ಹೋಗಬೇಕಾದರೆ ವಿಮಾನವೇ ಗತಿ. ಸಾಮಾನನ್ನು ಬಾರ್ಜಿನಲ್ಲಿ ಹಾಕಿ ಕಳಿಸಬಹುದು, ಆದರೆ ಅದರ ಜೊತೆ ಮನುಷ್ಯ ಹೋಗುವಂತಿಲ್ಲ. ಮಾವಿಯ ತರಕಾರಿ ಬೆಳೆಗಾರ ತನ್ನ ಗಾಡಿಗೆ ತಾನೇ ಮಾಲು ತುಂಬಿಕೊಂಡು ಹೊನೊಲುಲು ಪೇಟೆಗೆ ಹೋಗಿ ಮಾರಿ ಬರುವ ದಾರಿಯೇ ಇರಲಿಲ್ಲ. ಸಂತೆಗೆ ಹೋಗಲು ವಿಮಾನ ಹತ್ತಬೇಕಾದ ವ್ಯಾಪಾರಿಯ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಹಿಂದೆ ಉಗಿಹಡಗುಗಳಿದ್ದವು, ವಿಮಾನಗಳು ಬಂದ ಮೇಲೆ ಅವು ನಿಂತವು. 1975ರಲ್ಲಿ ಒಂದು ಕಂಪೆನಿ ವೇಗದ ದೋಣಿಗಳನ್ನು ಬಿಟ್ಟು ಮೂರು ವರ್ಷದಲ್ಲಿ ಕೈಚೆಲ್ಲಿತು.

ಹೀಗಿರುವಾಗ ಹವಾಯಿ ಸೂಪರ್‌ಫೆರಿ ಎಂಬ ಖಾಸಗಿ ಕಂಪೆನಿ ಬಂದಿತು. ಅದರ ಅಧ್ಯಕ್ಷಸ್ಥಾನಕ್ಕೆ ಬಂದವರು ರೇಗನ್ ಕಾಲದಲ್ಲಿ ಅಮೆರಿಕದ ನೌಕಾ ಕಾರ್ಯದರ್ಶಿಯಾಗಿದ್ದ ಜಾನ್ ಲೆಹ್ಮನ್. ಅಲಬಾಮಾದ ಮೊಬೀಲ್ ಪಟ್ಟಣದಲ್ಲಿ ಹಡಗು ಕಟ್ಟಿಸಿದರು. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಓಡುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕೆಂದು 1920ರ ಕಾಯಿದೆ ಹೇಳುತ್ತದೆ. ಆದ್ದರಿಂದ ಬೆಲೆಯೂ ಜಾಸ್ತಿ. ಮೊದಲ ಹಡಗಿನ ಹೆಸರು ಅಲಕಾಯ್. 866 ಜನ, 282 ಕಾರುಗಳನ್ನು ಹೊತ್ತು ಮೂರು ಗಂಟೆಯಲ್ಲಿ ಒವಾಹುವಿನಿಂದ ಮಾವಿಗೆ ಮುಟ್ಟಿಸುವ ದೊಡ್ಡ ಹಡಗು.

ಇದರ ಹಣ ಎಲ್ಲಿಂದ ಬಂತು? ಕೇಂದ್ರ ಸರ್ಕಾರ ಸುಮಾರು 14 ಕೋಟಿ ಡಾಲರಿನ ಸಾಲಕ್ಕೆ ಜಾಮೀನು ನಿಂತಿತು. ಜಾಮೀನು ನಿಲ್ಲುವುದೆಂದರೇನು ಎಂಬುದನ್ನು ಇಲ್ಲಿರುವ ವರ್ತಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯ ಸರ್ಕಾರ ಬಂದರುಗಳನ್ನು ಸಿದ್ಧಮಾಡಲು 4 ಕೋಟಿ ಡಾಲರ್ ತೆಗೆದಿಟ್ಟಿತು. ಹಡಗಿಗೆ ಗಾಡಿ ಇಳಿಸುವ ಸ್ವಂತ ಇಳಿಜಾರು ಹಲಗೆ ಇರಲಿಲ್ಲವಾದ್ದರಿಂದ ತೇಲುವ ಕಟ್ಟೆಯನ್ನೂ ಸರ್ಕಾರವೇ ಒದಗಿಸಬೇಕಾಯಿತು. ಮಾವಿಯ ಕಹುಲುಯಿ ಬಂದರಿನಲ್ಲಿ ಅಲೆಯ ಹೊಡೆತಕ್ಕೆ ಆ ಕಟ್ಟೆ ಹಾನಿಗೊಂಡಿತು. ಲಾಭ ಬಂದರೆ ಕಂಪೆನಿಗೆ, ಕಟ್ಟೆ ಒಡೆದರೆ ಜನರಿಗೆ!

ಈಗ ಮುಖ್ಯ ವಿಷಯ. ಸಾರ್ವಜನಿಕ ಹಣ, ಸಾರ್ವಜನಿಕ ಜಾಗ ಬಳಸುವ ಕೆಲಸಕ್ಕೆ ಮೊದಲು ಅದರಿಂದ ಪರಿಸರಕ್ಕೆ ಏನಾಗುತ್ತದೆಂದು ಪರಿಶೀಲಿಸಿ, ಜನರ ಅಹವಾಲು ಕೇಳಬೇಕೆಂದು ಹವಾಯಿಯಲ್ಲಿ ಕಾಯಿದೆಯಿದೆ. 2005ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಈ ಬಂದರು ಕಾಮಗಾರಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಕಂಪೆನಿಯ ಸಾಲದ ಗಡುವಿಗೆ ಹೊಂದಿಕೊಳ್ಳಲು ಇಲಾಖೆ ಪರಿಶೀಲನೆಯನ್ನು ಬದಿಗೊತ್ತಿತೆಂದು ರಾಜ್ಯದ ಲೆಕ್ಕಪರಿಶೋಧಕರೇ ಆಮೇಲೆ ತಮ್ಮ ವರದಿಯಲ್ಲಿ ಹೇಳಿದರು.

ಜನರ ಆತಂಕಗಳು ಹುಡುಗಾಟದವಲ್ಲ. ಚಳಿಗಾಲದಲ್ಲಿ ಮಾವಿಯ ಸುತ್ತಲ ಕಡಲಿಗೆ ದೊಡ್ಡ ತಿಮಿಂಗಿಲಗಳು ಮರಿಹಾಕಲು ಬರುತ್ತವೆ. ವೇಗದ ಹಡಗು ಅವಕ್ಕೆ ಬಡಿದರೆ? ಒಂದು ದ್ವೀಪದ ಕೀಟ, ಕಪ್ಪೆ, ಕಳೆ ಕಾರಿನ ಚಕ್ರಕ್ಕೆ ಅಂಟಿಕೊಂಡು ಇನ್ನೊಂದಕ್ಕೆ ಹೋದರೆ ಬೆಳೆಯ ಗತಿ? ಬಂದರಿನ ಸಣ್ಣ ರಸ್ತೆಗೆ ಒಮ್ಮೆಗೇ ನೂರಾರು ಕಾರು ಇಳಿದರೆ? ಹೊರಗಿನವರು ಬಂದು ಬಂಡೆಯ ಮೇಲಿನ ಚಿಪ್ಪುಹುಳು, ಕಡಲ ಸೊಪ್ಪು ದೋಚಿಕೊಂಡು ಹೋದರೆ ಅವನ್ನೇ ನಂಬಿದ ಸ್ಥಳೀಯನು ಏನು ತಿನ್ನಬೇಕು? ಹಡಗು ಓಡಲಾರಂಭಿಸಿದ ಕೆಲವೇ ದಿನಗಳಲ್ಲಿ ಮಾವಿಯ ನದಿಯ ಕಲ್ಲು ತುಂಬಿಕೊಂಡಿದ್ದ ಗಾಡಿಗಳು ಬಂದರಿನಲ್ಲಿ ಸಿಕ್ಕಿಬಿದ್ದವು.

ಪರಿಸರ ಸಂಘಗಳು ಕೋರ್ಟಿಗೆ ಹೋದವು. 2007ರ ಆಗಸ್ಟ್ 23ರಂದು ರಾಜ್ಯದ ಸುಪ್ರೀಂ ಕೋರ್ಟು, ವಿನಾಯಿತಿ ಕೊಟ್ಟದ್ದು ತಪ್ಪು ಎಂದಿತು. ಸಭ್ಯನಾದ ಸಾಲಗಾರ ಅಲ್ಲಿಗೆ ನಿಲ್ಲುತ್ತಿದ್ದ. ಕಂಪೆನಿ ಮಾಡಿದ್ದೇ ಬೇರೆ. 28ಕ್ಕೆ ಗೊತ್ತಾಗಿದ್ದ ಮೊದಲ ಪ್ರಯಾಣವನ್ನು 26ಕ್ಕೇ ಎಳೆದು, ಟಿಕೇಟಿಗೆ ಕೇವಲ 5 ಡಾಲರ್ ಎಂದು ಸಾರಿತು. ಜನ ಮುಗಿಬಿದ್ದರು. ಬೀಳದೆ ಏನು ಮಾಡಿಯಾರು? ವರ್ಷಗಟ್ಟಲೆ ಮೊಮ್ಮಕ್ಕಳ ಮುಖ ನೋಡದ ಅಜ್ಜಿಗೆ ಕೋರ್ಟಿನ ತೀರ್ಪಿಗಿಂತ ಟಿಕೇಟಿನ ಬೆಲೆ ದೊಡ್ಡದು. ಅದನ್ನು ನಾನು ತಪ್ಪೆನ್ನಲಾರೆ.

ಕವಾಯಿಯ ನವಿಲಿವಿಲಿ ಬಂದರಿನಲ್ಲಿ ಮಾತ್ರ ಹಡಗಿಗೆ ಬೇರೆ ಸ್ವಾಗತ ಕಾದಿತ್ತು. ಹತ್ತಾರು ಜನ ಅಲೆಹಲಗೆಗಳ ಮೇಲೆ, ಸಣ್ಣ ದೋಣಿಗಳಲ್ಲಿ, ಕೆಲವರು ಬರಿದೇ ಈಜುತ್ತ ಹಡಗಿನ ದಾರಿಗೆ ಅಡ್ಡ ಬಂದರು. ಮರುದಿನ ಹಡಗು ಬಂದರು ಸೇರಲಾಗದೆ ಹೊನೊಲುಲುವಿಗೆ ಮರಳಿತು. ಕವಾಯಿಯ ಪ್ರಯಾಣ ಅಂದಿಗೇ ನಿಂತಿತು. ಮತ್ತೆ ಪ್ರಾರಂಭವಾಗಲೇ ಇಲ್ಲ. ಮಾವಿಯ ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು. ಸೆಪ್ಟೆಂಬರಿನಲ್ಲಿ ಗವರ್ನರ್ ಲಿಂಡಾ ಲಿಂಗಲ್ ಕವಾಯಿಗೆ ಹೋಗಿ, ಅಡ್ಡಬಂದವರಿಗೆ ಏನು ಶಿಕ್ಷೆಯಾದೀತೆಂದು ವಿವರಿಸಲು ಸಭೆ ಕರೆದರು. ಎರಡು ವರ್ಷ ಮೊದಲೇ ಅಹವಾಲು ಕೇಳಲು ಕರೆಯಬೇಕಾಗಿದ್ದ ಜನರನ್ನು ಎಚ್ಚರಿಕೆ ಕೊಡಲು ಕರೆದರೆ ಸಭೆ ಹೇಗೆ ನಡೆದೀತು? ಕೂಗಾಟದಲ್ಲಿ ಮುಗಿಯಿತು.

ಆಮೇಲೆ ಶಾಸನಸಭೆಯ ವಿಶೇಷ ಅಧಿವೇಶನ. ಪರಿಶೀಲನೆ ನಡೆಯುತ್ತಿರುವಾಗಲೇ ದೊಡ್ಡ ಫೆರಿ ಹಡಗು ಓಡಬಹುದೆಂದು ಹೊಸ ಕಾಯಿದೆ. ನವೆಂಬರ್ 2ರಂದು ಗವರ್ನರ್ ಸಹಿ ಹಾಕಿದರು. ಡಿಸೆಂಬರ್ 13ರಿಂದ ಮಾವಿಗೆ ಹಡಗು ಮತ್ತೆ ಹೊರಟಿತು. ಸುಮಾರು ಹದಿನೈದು ತಿಂಗಳ ಮೇಲೆ, 2009ರ ಮಾರ್ಚ್ 16ರಂದು, ಸುಪ್ರೀಂ ಕೋರ್ಟು ಆ ಕಾಯಿದೆಯನ್ನೂ ಹೊಡೆದುಹಾಕಿತು. ಮೇಲುನೋಟಕ್ಕೆ ಎಲ್ಲರಿಗೂ ಅನ್ವಯಿಸುವಂತೆ ಬರೆದಿದ್ದರೂ ಅದರ ಪ್ರಯೋಜನ ದೊರೆಯುವುದು ಒಂದೇ ಕಂಪೆನಿಗೆ. ಒಬ್ಬರಿಗಾಗಿ ಹೊಲಿದ ಅಂಗಿಯನ್ನು ಸಾಮಾನ್ಯ ಕಾನೂನೆಂದು ಕರೆಯಲಾಗದೆಂಬುದು ತೀರ್ಪಿನ ಸಾರ. 19ರಂದು ಕೊನೆಯ ಪ್ರಯಾಣ. 200ಕ್ಕೂ ಮಿಕ್ಕಿ ನೌಕರರು ಮನೆಗೆ ನಡೆದರು. ಮೇ ತಿಂಗಳ ಕೊನೆಗೆ ಕಂಪೆನಿ ದಿವಾಳಿ ಅರ್ಜಿ ಹಾಕಿತು.

ಇಲ್ಲಿ ನಮ್ಮವರಲ್ಲೇ ಎರಡು ಮಾತು ಕೇಳಿಬರುತ್ತವೆ. ತಿಮಿಂಗಿಲದ ಚಿಂತೆ ಹೊಟ್ಟೆ ತುಂಬಿದವರದು, ಅವರಿಂದಾಗಿ ಬಡವರ ಹಡಗು ಹೋಯಿತು ಎಂಬುದು ಒಂದು. ವಿರೋಧಿಸಿದವರಲ್ಲಿ, ವಿಮಾನದಲ್ಲಿ ಬಂದು ಕಡಲ ದಂಡೆಯಲ್ಲಿ ಬಂಗಲೆ ಕಟ್ಟಿಕೊಂಡು, ತಮ್ಮ ಹಿಂದೆ ಬಾಗಿಲು ಹಾಕಿಕೊಳ್ಳಬಯಸಿದವರು ಇದ್ದಿರಲಿಕ್ಕೂ ಸಾಕು. ಆದರೆ ನೀರಿಗಿಳಿದವರಲ್ಲಿ ಮೀನು ಹಿಡಿಯುವವರೂ ಹವಾಯಿಯ ಮೂಲನಿವಾಸಿಗಳೂ ಇದ್ದರು. ಎರಡನೆಯ ಮಾತು, ಬಂಡವಾಳಗಾರನ ಹಡಗು ಹೋದದ್ದು ಒಳ್ಳೆಯದೇ ಆಯಿತು ಎಂಬುದು. ಅದನ್ನೂ ನಾನು ಒಪ್ಪಲಾರೆ. ತನ್ನ ಗಾಡಿಯಲ್ಲಿ ಸೊಪ್ಪು, ಹೂ ಒಯ್ಯುತ್ತಿದ್ದ ಸಣ್ಣ ಬೆಳೆಗಾರನಿಗೆ ಮಾರ್ಚ್ 20ರ ಬೆಳಿಗ್ಗೆ ಏನು ಉಳಿಯಿತು?

ಪರಿಶೀಲನೆಯನ್ನು 2005ರಲ್ಲೇ ಮಾಡಿದ್ದರೆ ಒಂದೆರಡು ವರ್ಷ ತಡವಾಗುತ್ತಿತ್ತು. ತಿಮಿಂಗಿಲ ಬರುವ ತಿಂಗಳಲ್ಲಿ ದಾರಿ ಬದಲಿಸುವುದು, ವೇಗ ಇಳಿಸುವುದು, ಗಾಡಿ ತೊಳೆಯುವುದು, ಇವೆಲ್ಲ ಮನುಷ್ಯರಿಂದ ಆಗುವ ಕೆಲಸಗಳೇ. ತಡ ಸಹಿಸದಿದ್ದುದು ಸಾಲದ ಗಡುವು. ಹಡಗು ಹೋದದ್ದು ಆ ಅವಸರದಿಂದ.

ಇನ್ನೊಂದು ಪ್ರಶ್ನೆಯನ್ನು ಅಲ್ಲಿಯ ಚರ್ಚೆಯಲ್ಲಿ ಗಟ್ಟಿಯಾಗಿ ಕೇಳಲೇ ಇಲ್ಲವೆಂದು ನನಗೆ ಅನ್ನಿಸುತ್ತದೆ. ಸಾಲದ ಜಾಮೀನು, ಬಂದರು, ಕಟ್ಟೆ ಎಲ್ಲವೂ ಸರ್ಕಾರದ್ದಾದ ಮೇಲೆ ಹಡಗು ಮಾತ್ರ ಖಾಸಗಿಯವರದೇಕೆ? ಅದೇ ಅಮೆರಿಕದ ವಾಷಿಂಗ್ಟನ್ ರಾಜ್ಯ 1951ರಲ್ಲಿ ಖಾಸಗಿ ಕಂಪೆನಿಯಿಂದ ಫೆರಿಗಳನ್ನು ಕೊಂಡು ತಾನೇ ನಡೆಸುತ್ತಿದೆ. ಅಲಾಸ್ಕಾ ರಾಜ್ಯದ ಹಡಗುಗಳು 1963ರಿಂದ ಓಡುತ್ತಿವೆ. ಆ ಜಲಮಾರ್ಗಕ್ಕೆ ಅಲ್ಲಿ "ಕಡಲ ಹೆದ್ದಾರಿ" ಎಂದೇ ಹೆಸರು. ಹೆದ್ದಾರಿಗೆ ಲಾಭವೆಷ್ಟೆಂದು ಯಾರೂ ಕೇಳುವುದಿಲ್ಲ. ಸರ್ಕಾರದ ಹಡಗಾದರೆ ಕುಂದುಕೊರತೆಯೇ ಇಲ್ಲವೆಂದಲ್ಲ, ಅಲಾಸ್ಕಾದವರನ್ನೇ ಕೇಳಿದರೆ ಪಟ್ಟಿ ಕೊಟ್ಟಾರು. ಆದರೆ ಬೈಯಲು ಅವರಿಗೊಬ್ಬ ಮಂತ್ರಿ ಇದ್ದಾನೆ.

ದೊಡ್ಡ ಹಡಗಿನ ಗಲಾಟೆಯಲ್ಲಿ ಪತ್ರಿಕೆಗಳ ಕಣ್ಣಿಗೆ ಹೆಚ್ಚು ಬೀಳದ ಸಣ್ಣ ಫೆರಿಯೊಂದಿತ್ತು. ಮೊಲೊಕಾಯಿಯಿಂದ ಮಾವಿಯ ಹೋಟೆಲುಗಳಿಗೆ ಕೆಲಸಕ್ಕೆ ಹೋಗುವವರು ನಸುಕಿನಲ್ಲಿ ಅದನ್ನು ಹತ್ತಿ ಸಂಜೆಗೆ ಮರಳುತ್ತಿದ್ದರು. ನಷ್ಟ ತಾಳಲಾರದೆ 2016ರಲ್ಲಿ ಅದೂ ನಿಂತಿತು. ಅದಕ್ಕಾಗಿ ಯಾವ ವಿಶೇಷ ಅಧಿವೇಶನವೂ ಸೇರಲಿಲ್ಲ.

ಸೂಪರ್‌ಫೆರಿಯ ಎರಡು ಹಡಗುಗಳೂ ಜಾಮೀನು ನಿಂತ ಕೇಂದ್ರ ಸರ್ಕಾರದ ಕೈಗೆ ಬಂದು, 2012ರಲ್ಲಿ ನೌಕಾಪಡೆಯ ಪಾಲಾದವು. ಅಲಕಾಯ್ ಹಡಗನ್ನು 2016ರಲ್ಲಿ ಕೆನಡಾದ ಒಂದು ಕಂಪೆನಿ ನೌಕಾಪಡೆಯಿಂದ ಬಾಡಿಗೆಗೆ ಪಡೆದು, ಅಮೆರಿಕದ ಮೈನ್ ರಾಜ್ಯಕ್ಕೂ ಕೆನಡಾದ ನೋವಾ ಸ್ಕೋಷಿಯಾಕ್ಕೂ ನಡುವೆ ಪ್ರಯಾಣಿಕರನ್ನು ಸಾಗಿಸತೊಡಗಿತು. ಅಲ್ಲಿ ಅದರ ನಷ್ಟವನ್ನು ತುಂಬಿಕೊಡುವುದು ನೋವಾ ಸ್ಕೋಷಿಯಾದ ಸರ್ಕಾರ.

ನನ್ನ ಮಾತು ಇಷ್ಟೇ. ಈಗ ನೀವು ಕೇಳಿ.