ತರೀಕೆರೆಗೆ ಎಷ್ಟು ಮಾತ್ರೆ?

ಕಡೂರು ತಾಲ್ಲೂಕಿನ ದೇವನೂರು ಕವಿ ಲಕ್ಷ್ಮೀಶನ ಊರೆಂದೇ ಹೆಸರುವಾಸಿ. ಅವನ ‘ಜೈಮಿನಿ ಭಾರತ’ವನ್ನು ಗಮಕಿಗಳು ಇಂದಿಗೂ ವಾಚಿಸುತ್ತಾರೆ. ಅರ್ಥ ಪೂರ್ತಿ ತಿಳಿಯದಿದ್ದರೂ ಕೇಳುವವರ ಕೈ ತಾನಾಗಿ ತಾಳ ಹಾಕುತ್ತದೆ. ಈ ಲಯ ಎಲ್ಲಿಂದ ಬಂತು? ಲೆಕ್ಕ ಹಾಕಿ ನೋಡೋಣ ಬನ್ನಿ.

ಅಕ್ಷರವನ್ನು ಹೇಳಲು ಹಿಡಿಯುವ ಕಾಲಕ್ಕೆ ಮಾತ್ರೆ ಎಂದು ಹೆಸರು. ‘ಕ’ ಒಂದು ಮಾತ್ರೆ, ಅದು ಲಘು. ‘ಕಾ’ ಎರಡು ಮಾತ್ರೆ, ಅದು ಗುರು. ಸೊನ್ನೆ ಇರುವ ಅಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ.

ಈಗ ಊರುಗಳನ್ನು ಅಳೆಯಿರಿ. ಕಡೂರು: 1+2+1, ಒಟ್ಟು 4. ತರೀಕೆರೆ: 1+2+1+1, ಒಟ್ಟು 5. ಅಜ್ಜಂಪುರ: 2+2+1+1, ಒಟ್ಟು 6. ಅಕ್ಕಪಕ್ಕದ ಊರುಗಳು ಲೆಕ್ಕದಲ್ಲೂ ಸಾಲಾಗಿ ನಿಂತಿವೆ!

ಲಕ್ಷ್ಮೀಶ ಬಳಸಿದ್ದು ವಾರ್ಧಕ ಷಟ್ಪದಿ. ಪದ್ಯಕ್ಕೆ 6 ಸಾಲು. 1, 2, 4, 5ನೇ ಸಾಲುಗಳಲ್ಲಿ ಐದೈದು ಮಾತ್ರೆಯ 4 ಗುಂಪು, ಅಂದರೆ 4 ಗಣ, ಒಟ್ಟು 20 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 6 ಗಣ, ಕೊನೆಗೊಂದು ಗುರು, 32 ಮಾತ್ರೆ. ಇಡೀ ಪದ್ಯಕ್ಕೆ 144.

ಹಾಗಾದರೆ 5 ಮಾತ್ರೆಯ ತರೀಕೆರೆಯನ್ನೇ ಒಂದು ಗಣ ಮಾಡಬಹುದೇ? ಗಣದ ಮೊದಲಿಗೆ ಚಪ್ಪಾಳೆ ತಟ್ಟಿ ನಾಲ್ಕು ಸಲ ಹೇಳಿ ನೋಡಿ. ಚಪ್ಪಾಳೆ ‘ತ’ ಮೇಲೆ, ದನಿಯ ಭಾರ ‘ರೀ’ ಮೇಲೆ! ಲಯ ಎಡವುತ್ತದೆ. ಅದಕ್ಕೇ ಗಣದ ಆರಂಭದಲ್ಲಿ ಲಘುವಿನ ಬೆನ್ನಿಗೆ ಗುರು ಬರಕೂಡದೆಂಬ ನಿಯಮವಿದೆ. ಲಘು–ಗುರುಗಳಿಂದ 5 ಮಾತ್ರೆಯನ್ನು 8 ಬಗೆಯಲ್ಲಿ ಜೋಡಿಸಬಹುದು. ಈ ನಿಯಮದಿಂದ 2 ಬಿದ್ದುಹೋಗಿ 6 ಉಳಿಯುತ್ತವೆ. 1ರಿಂದ 5 ಮಾತ್ರೆಗಳವರೆಗೆ ಜೋಡಣೆಗಳ ಎಣಿಕೆ 1, 2, 3, 5, 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು! ಇದನ್ನು ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಇದೇ ಎಣಿಕೆಯಿರುವ ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು ಆಮೇಲೆ, 1202ರಲ್ಲಿ.

ಊರಿನ ಹೆಸರು ಬಿಡಲು ಮನಸ್ಸಿಲ್ಲವೇ? ಅದನ್ನು ಎರಡು ಗಣಗಳಿಗೆ ಹಂಚಿಬಿಡಿ:

ನಮ್ಮದು ಕ | ಡೂರು ಕಣೊ | ನಿಮ್ಮದು ತ | ರೀಕೆರೆಯೆ?
ಅಮ್ಮನಿಗೆ | ಅಜ್ಜಂಪು | ರವೆ ತವರು | ಗೊತ್ತೇನೊ?

ಈಗ ಚಪ್ಪಾಳೆ ನೇರವಾಗಿ ‘ಡೂ’, ‘ರೀ’ಗಳ ಮೇಲೇ ಬಿತ್ತು. ಎರಡೂ ಸಾಲಿಗೆ 20 ಮಾತ್ರೆ. ಸಾಲುಗಳ ಎರಡನೇ ಅಕ್ಷರ ನೋಡಿ: ನಮ್ಮ, ಅಮ್ಮ. ಎರಡರಲ್ಲೂ ‘ಮ್ಮ’. ಇದೇ ಆದಿಪ್ರಾಸ. ಷಟ್ಪದಿಯ ಆರೂ ಸಾಲುಗಳಲ್ಲಿ ಇದು ಮರಳಿ ಬರಬೇಕು. ‘ನಮ್ಮದು–ನಿಮ್ಮದು’ ಎಂಬ ಜೋಡಿ ಸಾಲಿನೊಳಗೇ ಇನ್ನೊಂದು ಪುನರಾವರ್ತನೆ. ಹೀಗೆ ಗಣದ ಪೆಟ್ಟು, ಪ್ರಾಸ, ಪದ ಮೂರೂ ಮರಳಿ ಬರುವುದರಿಂದಲೇ ಪದ್ಯ ಬಾಯಿಪಾಠವಾಗುವುದು ಸುಲಭ.

ಉಳಿದ ನಾಲ್ಕು ಸಾಲುಗಳನ್ನು ನೀವೇ ಬರೆದು ಪದ್ಯ ಮುಗಿಸಿ. ನಿಮ್ಮೂರಿನ ಹೆಸರೂ ಇರಲಿ. ಮೂರನೇ ಸಾಲಿಗೆ 32 ಮಾತ್ರೆ ಬೇಕೆಂಬುದನ್ನು ಮಾತ್ರ ಮರೆಯಬೇಡಿ!